43 ಚೀಲದ ತೂಕ ಎಲ್ಲಿ ಹೋಯ್ತು? ಆಂಡ್ರಾಯ್ಡ್ ಸ್ಕ್ರೀನ್ ಹೋಗಿ ಬಂದರೂ ಬರೆದಿದ್ದು ಉಳಿಯುವಂತೆ ಮಾಡುವುದು ಹೇಗೆ

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿ. ದೀಪಾವಳಿ ಕಳೆದು ಒಂದು ವಾರ ಆಗಿತ್ತು, ಮೆಕ್ಕೆಜೋಳದ ಸುಗ್ಗಿ. ಅಂಗಡಿ ಮುಂದೆ ರಾಶಿ, ರಾಶಿ ಪಕ್ಕ ಕಾಟಾ. ಹಮಾಲರು ಒಂದೊಂದೇ ಚೀಲ ಕಾಟಾದ ಮೇಲಿಟ್ಟು ಇಳಿಸುತ್ತಿದ್ದರು. ಗುಮಾಸ್ತರು ನಾನು ಮಾಡಿಕೊಟ್ಟ ಆ್ಯಪ್‌ನಲ್ಲಿ ತೂಕ ಹೊಡೆಯುತ್ತಿದ್ದರು. 43ನೇ ಚೀಲ ಆದಮೇಲೆ ರಾಶಿಯದೊಂದು ಫೋಟೋ ಇರಲಿ ಅಂತ ಆ್ಯಪ್‌ನಲ್ಲೇ ಇದ್ದ ಕ್ಯಾಮೆರಾ ಬಟನ್ ಒತ್ತಿದರು. ಫೋಟೋ ತೆಗೆದರು, ಸರಿ ಅಂತ ಒತ್ತಿದರು. ವಾಪಸ್ ಬಂದರೆ ತೂಕದ ಪಟ್ಟಿ ಖಾಲಿ.

"ತಮ್ಮಾ, ಬರೆದಿದ್ದೆಲ್ಲ ಎಲ್ಲಿ ಹೋಯ್ತಪ್ಪಾ?" ಅಂದರು ಗುಮಾಸ್ತರು.

43 ಚೀಲ ಮತ್ತೆ ತೂಗಬೇಕಾಯಿತು. ರೈತರು ಏನೂ ಅನ್ನಲಿಲ್ಲ, ಹಮಾಲರೂ ಅನ್ನಲಿಲ್ಲ. ಆದರೆ ಅವರು ಎರಡನೇ ಸಲ ಹೊತ್ತ ಒಂದೊಂದು ಚೀಲಕ್ಕೂ ಕಾರಣ ನನ್ನ ಕೋಡ್. ಅವತ್ತು ರಾತ್ರಿ ಕೂತು ಕಲಿತದ್ದನ್ನು, ಆಮೇಲೆ ಎರಡು ಸುಗ್ಗಿಯಲ್ಲಿ ತಿದ್ದಿಕೊಂಡದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ ಕಾಟ್ಲಿನ್ ಸ್ವಲ್ಪ ಗೊತ್ತಿದ್ದು, ಒಂದೆರಡು ಸಣ್ಣ ಆ್ಯಪ್ ಮಾಡಿದವರಿಗೆ ಇದು. ಕ್ಲಾಸ್, ಫಂಕ್ಷನ್‌ಗಳ ಇಂಗ್ಲಿಷ್ ಹೆಸರನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಇಂಗ್ಲಿಷಿನ ಮೊದಲ ಮೂರು ನಾಲ್ಕು ಅಕ್ಷರ ಹೊಡೆದರೆ ಪೂರ್ತಿ ಹೆಸರು ತಾನೇ ಬರುತ್ತದೆ.

ಸ್ಕ್ರೀನ್ ಬರುವುದು, ಹೋಗುವುದು

ಆಂಡ್ರಾಯ್ಡ್‌ನಲ್ಲಿ ಒಂದು ಆಕ್ಟಿವಿಟಿ, ಅಂದರೆ ಆ್ಯಪ್‌ನ ಒಂದು ಸ್ಕ್ರೀನ್, ಹುಟ್ಟುವಾಗ ಆನ್‌ಕ್ರಿಯೇಟ್ ಓಡುತ್ತದೆ. ಕಣ್ಣಿಗೆ ಕಾಣುವಾಗ ಆನ್‌ಸ್ಟಾರ್ಟ್. ಬೆರಳಿಗೆ ಸಿಗುವಾಗ ಆನ್‌ರೆಸ್ಯೂಮ್. ವಾಪಸ್ ಹೋಗುವಾಗ ಇದೇ ಮೆಟ್ಟಿಲು ಕೆಳಗೆ: ಆನ್‌ಪಾಸ್, ಆನ್‌ಸ್ಟಾಪ್, ಆನ್‌ಡಿಸ್ಟ್ರಾಯ್. ಆನ್‌ಸ್ಟಾಪ್ ಆಗಿ ಮತ್ತೆ ಮೇಲೆ ಬಂದರೆ ಮೊದಲು ಆನ್‌ರೀಸ್ಟಾರ್ಟ್, ಆಮೇಲೆ ಆನ್‌ಸ್ಟಾರ್ಟ್.

ಇಷ್ಟನ್ನು ಎಲ್ಲ ಕಡೆ ಹೇಳಿಕೊಡುತ್ತಾರೆ. ಜಾಸ್ತಿ ಜನ ಮರೆಯುವ ವಿಷಯ ಬೇರೆ ಇದೆ. ಕೊನೆಯ ಮೆಟ್ಟಿಲಿಗೆ ಬರುವ ಗ್ಯಾರಂಟಿ ಇಲ್ಲ. ಆನ್‌ಸ್ಟಾಪ್ ಆಗಿ ಹಿಂದೆ ಕೂತ ಆ್ಯಪ್‌ನ ಪ್ರೊಸೆಸ್ಸನ್ನು (ಮೆಮೊರಿಯಲ್ಲಿ ಓಡುತ್ತಿರುವ ಇಡೀ ಆ್ಯಪ್) ಮೆಮೊರಿ ಬೇಕಾದಾಗ ಸಿಸ್ಟಂ ಸೀದಾ ಕೊಲ್ಲುತ್ತದೆ. ಆಗ ಆನ್‌ಡಿಸ್ಟ್ರಾಯ್ ಓಡುವುದಿಲ್ಲ, ನಿಮ್ಮ ಕೋಡಿಗೆ ಯಾವ ಸುಳಿವೂ ಸಿಗುವುದಿಲ್ಲ. ಹಾಗಾಗಿ ಆನ್‌ಡಿಸ್ಟ್ರಾಯ್‌ನಲ್ಲಿ "ಈಗ ಸೇವ್ ಮಾಡೋಣ" ಅಂತ ಬರೆದಿದ್ದರೆ ಇವತ್ತೇ ತೆಗೆದುಬಿಡಿ. ಆನ್‌ಪಾಸ್‌ನಲ್ಲೂ ದೊಡ್ಡ ಕೆಲಸ ಇಡಬೇಡಿ, ಅದಕ್ಕೆ ಸಿಗುವ ಹೊತ್ತು ಬಹಳ ಕಡಿಮೆ.

ಹೋಗುವುದರಲ್ಲಿ ಮೂರು ಬಗೆ

ನನ್ನ ತಪ್ಪು ಶುರುವಾದದ್ದು ಇಲ್ಲೇ. ಸ್ಕ್ರೀನ್ ಹೋಗುವುದು ಅಂದರೆ ಒಂದೇ ಬಗೆ ಅಂದುಕೊಂಡಿದ್ದೆ.

ಒಂದು, ಫೋನ್ ತಿರುಗಿಸಿದಾಗ. ಇದಕ್ಕೆ ಕಾನ್ಫಿಗರೇಶನ್ ಚೇಂಜ್ ಅನ್ನುತ್ತಾರೆ. ತಿರುಗಿಸುವುದು ಮಾತ್ರವಲ್ಲ, ಡಾರ್ಕ್ ಥೀಮ್ ಹಾಕಿದರೂ, ಫೋನಿನ ಭಾಷೆ ಬದಲಿಸಿದರೂ, ಅಕ್ಷರದ ಗಾತ್ರ ದೊಡ್ಡದು ಮಾಡಿದರೂ ಹೀಗೇ. ಹಳೆ ಆಕ್ಟಿವಿಟಿ ಹೋಗಿ ಹೊಸದು ಹುಟ್ಟುತ್ತದೆ. ಪ್ರೊಸೆಸ್ ಮಾತ್ರ ಬದುಕಿರುತ್ತದೆ, ಸ್ಕ್ರೀನಿನ ಡೇಟಾ ಹಿಡಿದಿಡುವ ವ್ಯೂಮಾಡೆಲ್ ಕೂಡ.

ಎರಡು, ಸಿಸ್ಟಂ ಪ್ರೊಸೆಸ್ಸನ್ನೇ ಕೊಂದಾಗ. ವ್ಯೂಮಾಡೆಲ್ ಹೋಗುತ್ತದೆ, ಇಡೀ ಕ್ಲಾಸಿಗೆ ಒಂದೇ ಇರುವ ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲಿ ಇಟ್ಟಿದ್ದು ಹೋಗುತ್ತದೆ, ಮೆಮೊರಿಯಲ್ಲಿದ್ದ ಎಲ್ಲವೂ ಹೋಗುತ್ತದೆ. ಉಳಿಯುವುದು ಸೇವ್ಡ್ ಸ್ಟೇಟ್ (ಆ್ಯಪ್ ಪರವಾಗಿ ಸಿಸ್ಟಂ ಇಟ್ಟುಕೊಳ್ಳುವ ಸಣ್ಣ ಟಿಪ್ಪಣಿ) ಮತ್ತು ಡಿಸ್ಕಿನಲ್ಲಿ ಬರೆದದ್ದು. ಆದರೆ ಬಳಸುವವರ ಕಣ್ಣಿಗೆ ಆ್ಯಪ್ ಸತ್ತದ್ದು ಗೊತ್ತೇ ಆಗುವುದಿಲ್ಲ. ಅವರು ವಾಟ್ಸ್ಆ್ಯಪ್‌ಗೆ ಹೋಗಿ ಬಂದರು, ಅಷ್ಟೇ. ತಾವು ಬಿಟ್ಟಲ್ಲಿಗೇ ಬರಬೇಕು ಅಂತ ಅವರು ಅಂದುಕೊಳ್ಳುವುದು ನ್ಯಾಯ.

ಮೂರು, ಬಳಸುವವರೇ ಮುಗಿಸಿದಾಗ. ರೀಸೆಂಟ್ಸ್‌ನಿಂದ ಆ್ಯಪ್ ತಳ್ಳಿದರೆ ಅಥವಾ ಒಳಗಿನ ಸ್ಕ್ರೀನಿನಿಂದ ಬ್ಯಾಕ್ ಒತ್ತಿ ಹೊರಬಂದರೆ ಆ ಸ್ಕ್ರೀನಿನ ಸೇವ್ಡ್ ಸ್ಟೇಟ್ ಕೂಡ ಹೋಗುತ್ತದೆ. ಫೋನ್ ಸ್ವಿಚ್ ಆಫ್ ಆದರೂ ಸೇವ್ಡ್ ಸ್ಟೇಟನ್ನು ನೆಚ್ಚಿ ಕೂರುವ ಹಾಗಿಲ್ಲ. ಆಗ ಡಿಸ್ಕ್ ಒಂದೇ ಗತಿ. ಒಂದು ಸಣ್ಣ ವಿಷಯ: ಆಂಡ್ರಾಯ್ಡ್ 12ರಿಂದ ಮೊದಲ ಸ್ಕ್ರೀನಿನಲ್ಲಿ ಬ್ಯಾಕ್ ಒತ್ತಿದರೆ ಆಕ್ಟಿವಿಟಿ ಮುಗಿಯುವುದಿಲ್ಲ, ಹಿಂದೆ ಸರಿಯುತ್ತದೆ ಅಷ್ಟೇ. ಹಳೆ ಫೋನಿನಲ್ಲಿ ಒಂದು ಥರ, ಹೊಸದರಲ್ಲಿ ಇನ್ನೊಂದು ಥರ ಕಂಡರೆ ಗಾಬರಿ ಬೇಡ.

ನಾನು ಫೋನ್ ತಿರುಗಿಸಿ ನೋಡಿದ್ದೆ. ತೂಕದ ಪಟ್ಟಿ ವ್ಯೂಮಾಡೆಲ್‌ನಲ್ಲಿ ಇದ್ದುದರಿಂದ ಹಾಗೇ ಉಳಿದಿತ್ತು. ಸರಿಯಾಗಿದೆ ಅಂದುಕೊಂಡೆ. ನನ್ನ ಫೋನಿಗೆ 8 ಜಿಬಿ ರ‍್ಯಾಮ್, ಗುಮಾಸ್ತರದ್ದಕ್ಕೆ 2 ಜಿಬಿ. ಅವರ ಫೋನಿನಲ್ಲಿ ಕ್ಯಾಮೆರಾ ತೆರೆದ ಕೂಡಲೇ ಜಾಗ ಸಾಲದೆ ಹಿಂದಿದ್ದ ನನ್ನ ಆ್ಯಪನ್ನು ಸಿಸ್ಟಂ ಕೊಂದಿತ್ತು.

ಮೊದಲ ಹೆಜ್ಜೆ: ಕೋಡ್ ಬಿಟ್ಟು ಕಾಗದ ಹಿಡಿಯಿರಿ

ಮಾರನೇ ದಿನ ಅಂಗಡಿಗೆ ಹೋಗಿ ಏನಾಯಿತು ಅಂತ ಗುಮಾಸ್ತರಿಗೆ ವಿವರಿಸಿದೆ. ಕೊನೆಯಲ್ಲಿ ಒತ್ತಲಿ ಅಂತ ಒಂದು ಸೇವ್ ಬಟನ್ ಇಟ್ಟಿದ್ದೆ, ಅಲ್ಲಿಯವರೆಗೆ ತೂಕಗಳು ಮೆಮೊರಿಯಲ್ಲಿ ಮಾತ್ರ ಇರುತ್ತಿದ್ದವು ಅಂದೆ. ಅವರು ಕೇಳಿಸಿಕೊಂಡು ಹೇಳಿದರು: "ನಾನು ಪುಸ್ತಕದಾಗ ಬರೆಯೋದಾದ್ರೆ ಚೀಲ ಕಾಟಾದಿಂದ ಇಳಿಯೋದ್ರೊಳಗೆ ಬರ್ದಿರ್ತೀನಿ ತಮ್ಮಾ. ನಿನ್ನ ಮೊಬೈಲು ಯಾಕೆ ಕೊನೆಗೊಮ್ಮೆ ಬರೀತದೆ?"

ನನಗೆ ಬೇಕಿದ್ದ ಉತ್ತರ ಅದರಲ್ಲೇ ಇತ್ತು. ಅವರ ಹತ್ತಿರ ಮೂರು ಜಾಗ ಇವೆ. ಕಾಟಾದ ಮೇಲೆ ಈಗ ಕಾಣುವ ಅಂಕಿ ತಲೆಯಲ್ಲಿರುತ್ತದೆ. ಯಾವ ರೈತರ ರಾಶಿ ನಡೆಯುತ್ತಿದೆ ಅನ್ನುವುದು ಅಂಗಿ ಜೇಬಿನ ಚೀಟಿಯಲ್ಲಿರುತ್ತದೆ. ತೂಕ ಮಾತ್ರ ಆಗಿಂದಾಗಲೇ ಕಿರ್ದಿ ಪುಸ್ತಕಕ್ಕೆ ಹೋಗುತ್ತದೆ. ಯಾರೋ ಕೂಗಿ ಗಮನ ತಪ್ಪಿಸಿದರೆ ತಲೆಯಲ್ಲಿದ್ದದ್ದು ಹೋಗಬಹುದು. ಚೀಟಿ ನೋಡಿ ಕಿರ್ದಿಯಲ್ಲಿ ಸರಿಯಾದ ಪುಟ ತೆರೆಯುತ್ತಾರೆ, ಮುಂದುವರಿಸುತ್ತಾರೆ.

ನಿಮ್ಮ ಆ್ಯಪ್‌ನ ಒಂದು ಸ್ಕ್ರೀನ್ ತೆಗೆದುಕೊಳ್ಳಿ. ಅದರಲ್ಲಿ ಬದಲಾಗುವ ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ಒಂದೊಂದರ ಮುಂದೆಯೂ ತಲೆ, ಚೀಟಿ ಅಥವಾ ಕಿರ್ದಿ ಅಂತ ಬರೆಯಿರಿ. ತಲೆ ಅಂದರೆ ಮೆಮೊರಿ, ಚೀಟಿ ಅಂದರೆ ಸೇವ್ಡ್ ಸ್ಟೇಟ್, ಕಿರ್ದಿ ಅಂದರೆ ಡಿಸ್ಕ್. ನನ್ನ ತೂಕದ ಸ್ಕ್ರೀನಿಗೆ ಹೀಗೆ ಬಂತು: ಮುಗಿದ ಚೀಲಗಳ ತೂಕ, ಕಿರ್ದಿ. ಈಗ ತೆರೆದಿರುವ ರಾಶಿಯ ಐಡಿ, ಚೀಟಿ. ಅರ್ಧ ಹೊಡೆದ ತೂಕ, ಚೀಟಿ. ಪಟ್ಟಿ ಎಲ್ಲಿಯವರೆಗೆ ಸರಿಸಿದ್ದರು, ಚೀಟಿ. ಒಟ್ಟು ಕ್ವಿಂಟಲ್, ತಲೆ. ಒಟ್ಟನ್ನು ಎಲ್ಲಿಯೂ ಇಡಬೇಕಿಲ್ಲ, ಕಿರ್ದಿಯಿಂದ ಮತ್ತೆ ಕೂಡಿದರಾಯಿತು. ಲೆಕ್ಕ ಹಾಕಿ ಪಡೆಯಬಹುದಾದ್ದನ್ನು ಸೇವ್ ಮಾಡಲು ಹೋದರೆ ಎರಡು ಕಡೆ ಎರಡು ಅಂಕಿ ಆಗಿ ಒದ್ದಾಡಬೇಕಾಗುತ್ತದೆ.

ಈ ಕಾಗದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ದಯವಿಟ್ಟು ಬಿಡಬೇಡಿ. ಮುಂದಿನ ಹೆಜ್ಜೆಗಳೆಲ್ಲ ಇದನ್ನೇ ನೋಡಿಕೊಂಡು ಮಾಡುವಂಥವು.

ಎರಡನೇ ಹೆಜ್ಜೆ: ಕಿರ್ದಿ

ಡಿಸ್ಕಿಗೆ ಬರೆಯಲು ರೂಮ್ ಅನ್ನುವ ಡೇಟಾಬೇಸ್ ಲೈಬ್ರರಿ ಬಳಸಿ. ಭಾಷೆ, ಥೀಮ್‌ನಂಥ ಸಣ್ಣ ಸೆಟ್ಟಿಂಗ್‌ಗಳಿಗೆ ಡೇಟಾಸ್ಟೋರ್ ಸಾಕು.

ಗುಮಾಸ್ತರು "ಸೇರಿಸು" ಒತ್ತಿದ ಕೂಡಲೇ ಒಂದು ಚೀಲಕ್ಕೆ ಒಂದು ಸಾಲು ರೂಮ್‌ಗೆ ಹೋಗುತ್ತದೆ. ಸ್ಕ್ರೀನಿನ ಪಟ್ಟಿಗೆ ಬೇರೆ ಲಿಸ್ಟ್ ಇಟ್ಟುಕೊಂಡಿಲ್ಲ. ರೂಮ್ ಕೊಡುವ ಫ್ಲೋವನ್ನೇ (ಟೇಬಲ್ ಬದಲಾದಾಗೆಲ್ಲ ಹೊಸ ಪಟ್ಟಿ ಕಳಿಸುವ ಹರಿವು) ವ್ಯೂಮಾಡೆಲ್ ಓದಿ ತೋರಿಸುತ್ತದೆ. ಹೀಗೆ ಮಾಡಿದರೆ ಪಟ್ಟಿಯಲ್ಲಿ ಕಂಡಿತು ಅಂದರೆ ಡಿಸ್ಕಿಗೆ ಹೋಗಿದೆ ಅಂತಲೇ ಅರ್ಥ. ಅಂತಿಮ ಸೇವ್ ಬಟನ್ ತೆಗೆದು ಅಲ್ಲಿ "ರಾಶಿ ಮುಗಿಯಿತು" ಅಂತ ಇಟ್ಟೆ. ಅದು ಒಂದು ಗುರುತು ಬದಲಿಸುತ್ತದೆ, ಅಷ್ಟೇ.

ಎರಡು ಕಡೆ ಎಚ್ಚರ ಬೇಕು. ಬರೆಯುವ ಕೆಲಸವನ್ನು ವ್ಯೂಮಾಡೆಲ್‌ಸ್ಕೋಪ್‌ನಲ್ಲಿ ಶುರು ಮಾಡಿದರೆ, ಸ್ಕ್ರೀನ್ ಮುಚ್ಚಿದ ಕೂಡಲೇ ಆ ಕೊರೂಟಿನ್, ಅಂದರೆ ಹಿನ್ನೆಲೆಯಲ್ಲಿ ನಡೆಯುವ ಕೆಲಸ, ರದ್ದಾಗುತ್ತದೆ. ಸೇರಿಸು ಒತ್ತಿ ತಕ್ಷಣ ಬ್ಯಾಕ್ ಒತ್ತುವವರು ಇದ್ದೇ ಇರುತ್ತಾರೆ. ಮುಗಿಯಲೇಬೇಕಾದ ಬರವಣಿಗೆಯನ್ನು ಇಡೀ ಆ್ಯಪ್ ಬದುಕಿರುವವರೆಗೆ ಇರುವ ಸ್ಕೋಪ್‌ನಲ್ಲಿ ನಡೆಸಿ. ಇನ್ನೊಂದು, ರಾಶಿಯ ಐಡಿ ಮತ್ತು ಚೀಲದ ನಂಬರ್ ಎರಡಕ್ಕೂ ಸೇರಿಸಿ ಟೇಬಲ್‌ನಲ್ಲಿ ಯೂನಿಕ್ ಇಂಡೆಕ್ಸ್ ಹಾಕಿ. ಬೆರಳು ಎರಡು ಸಲ ತಾಗಿದರೂ ಅದೇ ಚೀಲ ಎರಡು ಸಲ ಕೂರುವುದಿಲ್ಲ. ಆದರೆ ಚೀಲದ ನಂಬರನ್ನು ಫಾರ್ಮ್ ತೆರೆದಾಗಲೇ ನಿಗದಿ ಮಾಡಿ. ಬಟನ್ ಒತ್ತಿದಾಗ ಎಣಿಸಿದರೆ ಎರಡನೇ ಒತ್ತಿಗೆ ಹೊಸ ನಂಬರ್ ಸಿಕ್ಕಿಬಿಡುತ್ತದೆ, ಇಂಡೆಕ್ಸ್ ಹಾಕಿದ್ದೂ ವ್ಯರ್ಥ. ರೈತರ ದುಡ್ಡಿನ ಲೆಕ್ಕ ಇದು, ಒಂದು ಚೀಲ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಮೂರನೇ ಹೆಜ್ಜೆ: ಜೇಬಿನ ಚೀಟಿ

ಚೀಟಿಯ ಹಳೆಯ ಹೆಸರು ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್. ಅದರಲ್ಲಿ ಸಿಗುವ ಬಂಡಲ್‌ಗೆ ನೀವು ಹಾಕಿದ್ದನ್ನು ಸಿಸ್ಟಂ ತನ್ನ ಹತ್ತಿರ ಇಟ್ಟುಕೊಂಡು ಮುಂದಿನ ಆನ್‌ಕ್ರಿಯೇಟ್‌ಗೆ ಕೊಡುತ್ತದೆ. ಆಂಡ್ರಾಯ್ಡ್ 9ರಿಂದ ಇದು ಆನ್‌ಸ್ಟಾಪ್ ಆದಮೇಲೆ ಓಡುತ್ತದೆ, ಅದಕ್ಕಿಂತ ಹಳೆಯದರಲ್ಲಿ ಆನ್‌ಸ್ಟಾಪ್‌ಗೆ ಮೊದಲು. ಹಾಗಾಗಿ ಈ ಕ್ರಮವನ್ನು ನಂಬಿ ಕೋಡ್ ಬರೆಯಬೇಡಿ.

ಈಗ ಅದನ್ನು ಕೈಯಾರೆ ಬರೆಯುವ ಅಗತ್ಯ ಕಡಿಮೆ. ವ್ಯೂಮಾಡೆಲ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಸೇವ್ಡ್‌ಸ್ಟೇಟ್‌ಹ್ಯಾಂಡಲ್ ಕೇಳಿ. ಅದು ಹೆಸರು ಮತ್ತು ಬೆಲೆಯ ಜೋಡಿ ಇಡುವ ಡಬ್ಬಿ. ರಾಶಿಯ ಐಡಿ ಅದರಲ್ಲಿ ಇಡಿ. ಗೆಟ್‌ಸ್ಟೇಟ್‌ಫ್ಲೋ ಅಂತ ಕರೆದರೆ ಆ ಐಡಿಯೇ ಫ್ಲೋ ಆಗಿ ಸಿಗುತ್ತದೆ. ಅದನ್ನು ರೂಮ್‌ನ ಕ್ವೆರಿಗೆ ಜೋಡಿಸಿ. ಪ್ರೊಸೆಸ್ ಸತ್ತು ಹುಟ್ಟಿದಾಗ ನಡೆಯುವುದು ಇಷ್ಟೇ: ಚೀಟಿಯಿಂದ ಐಡಿ ಬಂತು, ಐಡಿ ಹಿಡಿದು ಕಿರ್ದಿಯ ಪುಟ ತೆರೆಯಿತು, 43 ಸಾಲು ಕಂಡವು. ನ್ಯಾವಿಗೇಶನ್ ಲೈಬ್ರರಿ ಬಳಸಿ ಸ್ಕ್ರೀನಿಗೆ ಐಡಿ ಕಳಿಸಿದರೆ ಅದು ಈ ಡಬ್ಬಿಗೆ ತಾನಾಗಿ ಬಂದು ಕೂತಿರುತ್ತದೆ.

ಸ್ಕ್ರೀನ್ ನಿಂತಮೇಲೆ, ಅಂದರೆ ಆನ್‌ಸ್ಟಾಪ್ ಆದಮೇಲೆ ಈ ಡಬ್ಬಿಗೆ ಬರೆದದ್ದು ಸೇವ್ ಆಗುವುದಿಲ್ಲ. ಮತ್ತೆ ಸ್ಕ್ರೀನ್ ಮೇಲೆ ಬಂದು ಇಳಿದಾಗಲೇ ಅದು ಚೀಟಿಗೆ ಹೋಗುತ್ತದೆ. ಹಿಂದೆ ಕೂತು ನೆಟ್‌ನಿಂದ ತಂದದ್ದನ್ನು ಇಲ್ಲಿ ಇಟ್ಟರೆ ಕಳೆದುಹೋಗಬಹುದು. ಅದು ರೂಮ್‌ಗೆ ಹೋಗಲಿ.

ಸ್ಕ್ರೀನನ್ನು ಕಾಟ್ಲಿನ್‌ನಲ್ಲೇ ಬರೆಯುವ ಕಂಪೋಸ್ ಬಳಸುವವರು ರಿಮೆಂಬರ್ ಮತ್ತು ರಿಮೆಂಬರ್‌ಸೇವೆಬಲ್ ನಡುವಿನ ಅಂತರ ನೋಡಿಕೊಳ್ಳಿ. ರಿಮೆಂಬರ್‌ನಲ್ಲಿ ಇಟ್ಟದ್ದು ಫೋನ್ ತಿರುಗಿಸಿದರೇ ಹೋಗುತ್ತದೆ. ರಿಮೆಂಬರ್‌ಸೇವೆಬಲ್‌ನಲ್ಲಿ ಇಟ್ಟದ್ದು ಪ್ರೊಸೆಸ್ ಸತ್ತರೂ ಉಳಿಯುತ್ತದೆ. ಅರ್ಧ ಹೊಡೆದ "58.4" ಅನ್ನು ಹೀಗೆ ಇಟ್ಟೆ. ಸ್ಟ್ರಿಂಗ್, ಇಂಟ್, ಬೂಲಿಯನ್ ಸುಮ್ನೆ ಹಾಕಬಹುದು. ನಿಮ್ಮದೇ ಕ್ಲಾಸ್ ಆದರೆ ಅದನ್ನು ಬಂಡಲ್‌ಗೆ ಹಾಕಲು ಬರುವಂತೆ ಪಾರ್ಸಲೈಸ್ ಹಾಕಬೇಕು ಅಥವಾ ಸೇವರ್ ಬರೆಯಬೇಕು. ಹಳೆಯ ಎಕ್ಸ್ಎಂಎಲ್ ಲೇಔಟ್‌ನಲ್ಲಿ ಎಡಿಟ್‌ಟೆಕ್ಸ್ಟ್‌ಗೆ ಐಡಿ ಕೊಟ್ಟಿದ್ದರೆ ಅದರ ಅಕ್ಷರ ತಾನಾಗಿ ಉಳಿಯುತ್ತದೆ, ಐಡಿ ಇಲ್ಲದಿದ್ದರೆ ಇಲ್ಲ.

ಚೀಟಿ ಸಣ್ಣದಿರಬೇಕು. ಇಡೀ ಪಟ್ಟಿ, ಫೋಟೋದ ಬಿಟ್‌ಮ್ಯಾಪ್ ಇವನ್ನು ಬಂಡಲ್‌ಗೆ ತುಂಬಬೇಡಿ. ಬಂಡಲ್ ಸಿಸ್ಟಂಗೆ ಹೋಗುವ ದಾರಿಯಾದ ಬೈಂಡರ್‌ಗೆ ಒಂದು ಪ್ರೊಸೆಸ್‌ಗೆಲ್ಲ ಸೇರಿ ಇರುವುದು 1 ಎಂಬಿ ಜಾಗ. ಅದರಲ್ಲೇ ಬೇರೆ ಕೆಲಸಗಳೂ ನಡೆಯುತ್ತಿರುತ್ತವೆ. ಮೀರಿದರೆ ಟ್ರಾನ್ಸಾಕ್ಷನ್‌ಟೂಲಾರ್ಜ್ ಅಂತ ಎಕ್ಸೆಪ್ಶನ್ ಬರುತ್ತದೆ, ಆಂಡ್ರಾಯ್ಡ್ 7ರಿಂದ ಆ್ಯಪ್ ಕ್ರ್ಯಾಶ್ ಆಗುತ್ತದೆ. ಸೇವ್ಡ್ ಸ್ಟೇಟ್ 50 ಕೆಬಿ ಒಳಗಿರಲಿ ಅನ್ನುವುದು ಆಂಡ್ರಾಯ್ಡ್‌ನವರದೇ ಸಲಹೆ. ನನ್ನ ಚೀಟಿಯಲ್ಲಿರುವುದು ಎರಡು ಮೂರು ಅಂಕಿ, ಒಂದೆರಡು ಸ್ಟ್ರಿಂಗ್.

ನಾಲ್ಕನೇ ಹೆಜ್ಜೆ: ಕ್ಯಾಮೆರಾಕ್ಕೆ ಹೋಗಿ ಬರುವ ದಾರಿ

ಪಟ್ಟಿ ಸರಿಹೋದ ಮೇಲೂ ಅದೇ ಜಾಗದಲ್ಲಿ ಇನ್ನೊಂದು ತೊಂದರೆ ಉಳಿದಿತ್ತು. 43 ಸಾಲು ಬಂದವು, ಆದರೆ ತೆಗೆದ ಫೋಟೋ ಇಲ್ಲ.

ಕಾರಣ ಹೀಗೆ. ಟೇಕ್‌ಪಿಕ್ಚರ್ ಅನ್ನುವ ಕಾಂಟ್ರ್ಯಾಕ್ಟ್‌ಗೆ ನಾವು ಒಂದು ಯೂಆರ್‌ಐ ಕೊಡುತ್ತೇವೆ. ಫೋಟೋವನ್ನು ಈ ಜಾಗದಲ್ಲಿ ಇಡು ಅಂತ ಅದರ ಅರ್ಥ. ಕ್ಯಾಮೆರಾ ಅಲ್ಲಿ ಇಡುತ್ತದೆ. ನಮಗೆ ವಾಪಸ್ ಕೊಡುವುದು ಆಯ್ತು ಅಥವಾ ಆಗಲಿಲ್ಲ ಅನ್ನುವ ಒಂದು ಉತ್ತರ ಮಾತ್ರ. ಎಲ್ಲಿ ಇಟ್ಟೆ ಅಂತ ಅದು ಹೇಳುವುದಿಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು. ನಾನು ಆ ಯೂಆರ್‌ಐ ಅನ್ನು ಆಕ್ಟಿವಿಟಿಯ ಒಂದು ಮಾಮೂಲಿ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಪ್ರೊಸೆಸ್ ಸತ್ತು ಹುಟ್ಟಿದಾಗ ಅದು ನಲ್ ಆಗಿತ್ತು. ಫೋಟೋ ಫೋನಿನಲ್ಲೇ ಇತ್ತು, ವಿಳಾಸ ಮಾತ್ರ ಕಳೆದಿತ್ತು.

ಕ್ಯಾಮೆರಾ ತೆರೆಯುವ ಮೊದಲೇ ಯೂಆರ್‌ಐ ಅನ್ನು ಸ್ಟ್ರಿಂಗ್ ಮಾಡಿ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ಗೆ ಹಾಕಿ. ಆಮೇಲೆ ಲಾಂಚ್ ಮಾಡಿ. ಉತ್ತರ ಬಂದಾಗ ಅಲ್ಲಿಂದಲೇ ಓದಿ, ರೂಮ್‌ನ ಸಾಲಿಗೆ ಬರೆದು, ಚೀಟಿಯಿಂದ ಅಳಿಸಿ.

ಕ್ಯಾಮೆರಾದ ಉತ್ತರ ಪಡೆಯಲು ನೋಂದಣಿ ಮಾಡುವ ರಿಜಿಸ್ಟರ್‌ಫಾರ್‌ಆಕ್ಟಿವಿಟಿರಿಸಲ್ಟ್ ಅನ್ನು ಬಟನ್ ಒತ್ತಿದಾಗ ಕರೆಯಬೇಡಿ, ಇಫ್ ಒಳಗೂ ಇಡಬೇಡಿ. ಆಕ್ಟಿವಿಟಿ ಹುಟ್ಟುವಾಗ, ಪ್ರತಿ ಸಲ, ಅದೇ ಕ್ರಮದಲ್ಲಿ ನೋಂದಣಿ ಆಗಬೇಕು. ಹೊಸದಾಗಿ ಹುಟ್ಟಿದ ಆಕ್ಟಿವಿಟಿಗೆ ಹಳೆಯ ಕ್ಯಾಮೆರಾದ ಉತ್ತರ ತಲುಪುವುದು ಆ ನೋಂದಣಿಯಿಂದಲೇ. ಕ್ರಮ ಬದಲಾದರೆ ಫೋಟೋದ ಉತ್ತರ ಬೇರೆ ಯಾವುದಕ್ಕೋ ಹೋಗಬಹುದು.

ಶುರು ಮಾಡಿದ್ದನ್ನು ನಿಲ್ಲಿಸುವುದು

ಡೇಟಾ ಉಳಿಸುವುದು ಒಂದಾದರೆ, ಹಿಂದೆ ಹೋದಾಗ ಸುಮ್ಮನೆ ಕೂರುವುದು ಇನ್ನೊಂದು. ಆನ್‌ಸ್ಟಾರ್ಟ್‌ನಲ್ಲಿ ಶುರು ಮಾಡಿದ್ದನ್ನು ಆನ್‌ಸ್ಟಾಪ್‌ನಲ್ಲಿ ನಿಲ್ಲಿಸಿ. ಲೊಕೇಶನ್, ಬ್ಲೂಟೂತ್ ಕಾಟಾದ ಸಂಪರ್ಕ, ಸೆನ್ಸರ್ ಎಲ್ಲಕ್ಕೂ ಇದೇ. ಫ್ಲೋ ಓದುವಾಗ ಕಂಪೋಸ್‌ನಲ್ಲಿ ಕಲೆಕ್ಟ್‌ಆ್ಯಸ್‌ಸ್ಟೇಟ್‌ವಿತ್‌ಲೈಫ್‌ಸೈಕಲ್, ಹಳೆ ವ್ಯೂಗಳಲ್ಲಿ ರಿಪೀಟ್‌ಆನ್‌ಲೈಫ್‌ಸೈಕಲ್ ಬಳಸಿ. ವ್ಯೂಮಾಡೆಲ್ ಒಳಗೆ ಆಕ್ಟಿವಿಟಿಯನ್ನಾಗಲಿ ವ್ಯೂವನ್ನಾಗಲಿ ಹಿಡಿದಿಡಬೇಡಿ. ಹಳೆ ಸ್ಕ್ರೀನ್ ಸತ್ತರೂ ಮೆಮೊರಿ ಬಿಡುವುದಿಲ್ಲ. 2 ಜಿಬಿ ಫೋನಿನಲ್ಲಿ ಅದರ ಬೆಲೆ ಬೇಗ ಗೊತ್ತಾಗುತ್ತದೆ.

ಹಿಡಿಯಬಾರದ ಅಡ್ಡದಾರಿ

"ಸ್ಕ್ರೀನ್ ಪೋರ್ಟ್ರೇಟ್‌ಗೆ ಲಾಕ್ ಮಾಡಿಬಿಡು, ಮುಗೀತು" ಅಂತ ನನಗೂ ಗೆಳೆಯರು ಹೇಳಿದ್ದರು. ಮ್ಯಾನಿಫೆಸ್ಟ್‌ನಲ್ಲಿ ಕಾನ್ಫಿಗ್‌ಚೇಂಜಸ್ ಬರೆದು ಎಲ್ಲ ಬದಲಾವಣೆಯನ್ನೂ ನುಂಗಿಕೊಳ್ಳುವುದು ಇನ್ನೊಂದು ದಾರಿ. ಎರಡೂ ಮೊದಲನೇ ಬಗೆಯನ್ನು ಮರೆಮಾಚುತ್ತವೆ, ಎರಡನೆಯದನ್ನು ಮುಟ್ಟುವುದೇ ಇಲ್ಲ. ನನ್ನ ಗುಮಾಸ್ತರು ಫೋನ್ ತಿರುಗಿಸಿಯೇ ಇರಲಿಲ್ಲ, ಅಲ್ವಾ? ಅದೂ ಅಲ್ಲದೆ ಆಂಡ್ರಾಯ್ಡ್ 16ಕ್ಕೆ ಗುರಿಯಿಟ್ಟ ಆ್ಯಪ್‌ಗಳಲ್ಲಿ ಟ್ಯಾಬ್ಲೆಟ್‌ನಂಥ ದೊಡ್ಡ ಪರದೆಯ ಮೇಲೆ ಈ ಲಾಕನ್ನು ಸಿಸ್ಟಂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆ್ಯಪ್ ಮಾಡುವ ಇನ್ನೊಂದು ಸಾಧನವಾದ ಫ್ಲಟರ್‌ನಲ್ಲಿ ಕೆಲಸ ಮಾಡುವವರಿಗೂ ಇದು ತಪ್ಪಿದ್ದಲ್ಲ. ಅಲ್ಲಿ ಚೀಟಿಯ ಕೆಲಸಕ್ಕೆ ರೆಸ್ಟೊರೇಶನ್‌ಮಿಕ್ಸಿನ್ ಇದೆ. ಐಫೋನಿನ ಸ್ವಿಫ್ಟ್‌ಯುಐನಲ್ಲಿ ಸೀನ್‌ಸ್ಟೋರೇಜ್ ಇದೆ. ಹೆಸರು ಬೇರೆ, ಕಾಗದದ ಮೇಲಿನ ಪಟ್ಟಿ ಅದೇ.

ಐದನೇ ಹೆಜ್ಜೆ: ಬೇಕಂತಲೇ ಕೊಂದು ನೋಡಿ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಶನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಡೋಂಟ್ ಕೀಪ್ ಆಕ್ಟಿವಿಟೀಸ್ ಆನ್ ಮಾಡಿ. ಸ್ಕ್ರೀನ್ ಬಿಟ್ಟ ಕೂಡಲೇ ಆಕ್ಟಿವಿಟಿ ಸಾಯುತ್ತದೆ, ವ್ಯೂಮಾಡೆಲ್ ಕೂಡ ಹೋಗುತ್ತದೆ. ಬಹಳ ತಪ್ಪುಗಳು ಇಲ್ಲೇ ಸಿಗುತ್ತವೆ. ಆದರೆ ಪ್ರೊಸೆಸ್ ಬದುಕಿರುವುದರಿಂದ ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲಿ ಬಚ್ಚಿಟ್ಟದ್ದು ಉಳಿದುಬಿಡುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ.

ಅದಕ್ಕೇ ಎರಡನೇ ಪರೀಕ್ಷೆ. ಆ್ಯಪ್ ತೆರೆದು ಒಂದು ರಾಶಿಗೆ ಹತ್ತು ಚೀಲ ಹೊಡೆಯಿರಿ, ಹನ್ನೊಂದನೆಯದನ್ನು ಅರ್ಧಕ್ಕೆ ನಿಲ್ಲಿಸಿ. ಹೋಮ್ ಒತ್ತಿ. ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಶೆಲ್‌ನಲ್ಲಿ ಎಎಂ ಕಿಲ್ ಅಂತ ಹೊಡೆದು ನಿಮ್ಮ ಆ್ಯಪ್‌ನ ಪ್ಯಾಕೇಜ್ ಹೆಸರು ಕೊಡಿ. ಆ್ಯಪ್ ಹಿಂದೆ ಇದ್ದಾಗ ಮಾತ್ರ ಇದು ಕೊಲ್ಲುತ್ತದೆ, ಹಾಗಾಗಿ ಹೋಮ್ ಒತ್ತುವುದು ಮುಖ್ಯ. ಫೋರ್ಸ್ ಸ್ಟಾಪ್ ಬಳಸಬೇಡಿ, ಅದು ಸೇವ್ಡ್ ಸ್ಟೇಟನ್ನೂ ಬಿಡುವುದಿಲ್ಲ. ಈಗ ರೀಸೆಂಟ್ಸ್‌ನಿಂದ ಆ್ಯಪ್ ತೆರೆಯಿರಿ. ಅದೇ ರಾಶಿ, ಹತ್ತು ಸಾಲು, ಅರ್ಧ ಹೊಡೆದ ತೂಕ ಬರಬೇಕು. ಇದನ್ನೇ ಕ್ಯಾಮೆರಾ ತೆರೆದಿರುವಾಗಲೂ ಮಾಡಿ. ಕೊನೆಗೆ ಫೋನ್ ಆಫ್ ಮಾಡಿ ಆನ್ ಮಾಡಿ. ಆಗ ಅರ್ಧ ತೂಕ ಹೋಗಿರಬಹುದು, ಹತ್ತು ಸಾಲು ಇರಲೇಬೇಕು. ಸಾಧ್ಯವಾದರೆ ಇದನ್ನೆಲ್ಲ ಅಗ್ಗದ ಹಳೆಯ ಫೋನಿನಲ್ಲೂ ಮಾಡಿ.

ನಾನು ಇಷ್ಟಕ್ಕೆ ಮುಗಿಯಿತು ಅಂದುಕೊಂಡು ಹೊಸ ಆವೃತ್ತಿ ತೆಗೆದುಕೊಂಡು ಅಂಗಡಿಗೆ ಹೋದೆ. ಗುಮಾಸ್ತರು ಹೊಡೆಯುತ್ತಾ ಹೋದರು, ಕ್ಯಾಮೆರಾ ತೆರೆದರು, ವಾಪಸ್ ಬಂದರು. ಎಲ್ಲ ಇತ್ತು. ಆದರೂ ಅವರು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಸರಿಸಿ ಒಂದೊಂದೇ ಸಾಲು ಎಣಿಸಿದರು. ಹಿಂದಿನದ್ದು ಅವರಿಗೆ ನೆನಪಿತ್ತು.

"ಎಲ್ಲಿಗೆ ನಿಲ್ಲಿಸಿದ್ದೆ ಅಂತ ದಪ್ಪ ಅಕ್ಷರದಾಗ ಮೇಲೆ ಹಾಕು ತಮ್ಮಾ, ಎಣಿಸೋದು ತಪ್ಪುತ್ತೆ" ಅಂದರು.

ಈಗ ಪಟ್ಟಿಯ ಮೇಲೆ ದೊಡ್ಡದಾಗಿ ಬರುತ್ತದೆ: "ಕೊನೆಯ ಚೀಲ 43, ತೂಕ 58.400." ಅದರ ಕೆಳಗೆ 44ನೇ ಚೀಲದ ಖಾಲಿ ಜಾಗ, ಕರ್ಸರ್ ಅಲ್ಲೇ.